ಅರ್ಧ ಕೊಳೆತ ಸೇಬು

ಅಕ್ರೋಟು ಥೇಟ್ ಮಿದುಳಿನ ಹಾಗೇ ಇರುವುದರಿಂದ ಅದನ್ನು ತಿಂದರೆ ಮಿದುಳು ಚುರುಕಾಗುತ್ತದೆ ಎಂದು ನೆನಪಿನ ಕೇಂದ್ರದಲ್ಲಿ ಆ ನಿವೃತ್ತ ರೈಲ್ವೆ ಗಾರ್ಡು ಎಲ್ಲರೆದುರು ಹೇಳಿದ್ದು ತಲೆಗೆ ಬಂದು ಹೆಡ್‌ಮಿಸ್ಸಿಗೆ ಬೆಳಿಗ್ಗೆ ಬೆಳಿಗ್ಗೆಯೇ ಮೈ ಉರಿಯಿತು. ಹಾಗಿದ್ದರೆ ಹುರುಳಿಕಾಯಿ ತಿಂದವರಿಗೆಲ್ಲ ಬೆರಳು ಉದ್ದವಾಗಬೇಕಿತ್ತು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಆ ಮನುಷ್ಯನಿಗೆ ಹುಟ್ಟಿದಾಗಿನಿಂದಲೂ ಅದೇ ಇರಬೇಕು. ಎದುರಿಗೆ ನೀಲಿ ಅಂಚಿನ ಬಟ್ಟಲಿನಲ್ಲಿ ಓಟ್ಸ್ ಗಂಜಿ, ಅದರ ಮೇಲೆ ಅರ್ಧ ಬಾಳೆಹಣ್ಣಿನ ಬಿಲ್ಲೆಗಳು, ಪಕ್ಕದ ತಟ್ಟೆಯಲ್ಲಿ ಎಣಿಸಿಟ್ಟ ಆರು ಅಕ್ರೋಟು. ಬಿಲ್ಲೆಗಳು ಒಂದು ದಪ್ಪ, ಒಂದು ತೆಳು. ತಂಗಿ ಎಡಗೈಯಲ್ಲಿ ಕತ್ತರಿಸಿದ್ದು. ಅವಳ ಬಲಗೈಗೆ ಮೂರು ವಾರದಿಂದ ಪ್ಲಾಸ್ಟರು, ಮೊಣಕೈಯಿಂದ ಬೆರಳಿನ ಬುಡದವರೆಗೆ. ಅಕ್ಕನ ಮಿದುಳಿಗೆಂದು ತಂದ ಸೊಪ್ಪನ್ನು ತೊಳೆಯುವಾಗ ಚೆಲ್ಲಿದ ನೀರಿನಲ್ಲಿ ಅಡುಗೆಮನೆಯಲ್ಲೇ ಜಾರಿ ಬಿದ್ದಿದ್ದಳು. ಮೂವತ್ತು ವರ್ಷ ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಉಪ್ಪಿಲ್ಲದ ಸಾರು ಅಳೆದು ಹಾಕಿದವಳಿಗೆ ಒದ್ದೆ ನೆಲದ ಮೇಲೆ ನಡೆಯುವುದು ಗೊತ್ತಾಗಲಿಲ್ಲ. ಅದನ್ನೇ ಆ ದಿನವೂ ಹೆಡ್‌ಮಿಸ್ಸು ಅಂದಿದ್ದಳು. ತಂಗಿ ನೆಲದ ಮೇಲೆ ಕೂತುಕೊಂಡೇ, ನೋವಿನಲ್ಲೂ, ಹೌದಕ್ಕಾ ಎಂದಿದ್ದಳು. ಹೀಗೆ ಹೌದಕ್ಕಾ ಅನ್ನುವವರ ಮೇಲೆ ಜಗಳವಾಡುವುದೂ ಕಷ್ಟ, ಮರ್ಯಾದೆ ಇಡುವುದೂ ಕಷ್ಟ.

ಹೆಣ್ಣುಮಕ್ಕಳ ಶಾಲೆಯಲ್ಲಿ ಹದಿನಾಲ್ಕು ವರ್ಷ ಹೆಡ್‌ಮಿಸ್ ಆಗಿದ್ದವಳು, ಅದಕ್ಕೂ ಮೊದಲು ಇಪ್ಪತ್ತನಾಲ್ಕು ವರ್ಷ ಪಾಠ ಹೇಳಿದವಳು. ಆದರೆ ಮಕ್ಕಳು ಅವಳನ್ನು ನೆನಪಿಟ್ಟುಕೊಂಡದ್ದು ಪಾಠಕ್ಕಲ್ಲ, ಪರೀಕ್ಷೆಗೆ. ಬೆನ್ನ ಹಿಂದೆ ಹದ್ದು ಎಂದು ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದ ದಿನ ಅವಳಿಗೆ ಒಳಗೊಳಗೇ ಸಂತೋಷವಾಗಿತ್ತು. ನಾಲ್ಕು ಸಾಲು ಆಚೆ ತುಟಿ ಅಲ್ಲಾಡಿದರೆ ಅವಳಿಗೆ ಕಾಣುತ್ತಿತ್ತು, ಎಷ್ಟನೇ ಪ್ರಶ್ನೆಯ ಉತ್ತರ ಎಂಬುದೂ ತಿಳಿಯುತ್ತಿತ್ತು. ಅಂಥವಳು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸೊಪ್ಪು, ಕಾಳು, ಮೀನು ಎಂದು ಮೂರು ಹೊತ್ತು ಅಳೆದು ತಿನ್ನಲು ಒಪ್ಪಿಕೊಂಡಿದ್ದು ಅಮ್ಮನಿಂದಾಗಿ. ಅಮ್ಮ ಕೊನೆಯ ನಾಲ್ಕು ವರ್ಷ ಇವಳನ್ನು ಟೀಚರ್ ಎಂದು ಕರೆಯುತ್ತಿದ್ದಳು. ತಿಂದಿದ್ದನ್ನು ತಿಂದಿಲ್ಲ ಎನ್ನುತ್ತಿದ್ದಳು, ಬೆಣ್ಣೆ ಸವರಿದ ಬ್ರೆಡ್ಡನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಇರುವೆ ಹತ್ತಿಸುತ್ತಿದ್ದಳು. ಇವಳು ಅಮ್ಮನನ್ನು ಕೂರಿಸಿಕೊಂಡು, ಇವತ್ತು ಯಾವ ವಾರ, ಹೇಳು, ನಿನ್ನೆ ಹೇಳಿಕೊಟ್ಟಿದ್ದೆನಲ್ಲ, ಎಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ತಪ್ಪಾದರೆ ಚಹಾ ಆಮೇಲೆ. ಈಗ ಅದು ನೆನಪಾದ ಕೂಡಲೇ ಅವಳು ಬೇರೆ ಯಾರನ್ನಾದರೂ ಬೈಯಲು ಹುಡುಕುತ್ತಿದ್ದಳು. ಕೈಗೆ ಸುಲಭವಾಗಿ ಸಿಗುತ್ತಿದ್ದವರು ಕೇಂದ್ರದ ಡಾಕ್ಟರು. ವಯಸ್ಸಾದ ಮೇಲೆ ಇಂಥ ಊಟದಿಂದ ಮಿದುಳಿನ ಸವೆತ ಸ್ವಲ್ಪ ನಿಧಾನವಾಗಬಹುದು, ಖಚಿತವಾಗಿ ಹೇಳಲಾಗದು, ಅದಕ್ಕೇ ಈ ಅಧ್ಯಯನ ಎಂದು ಮೊದಲ ದಿನ ಹೇಳಿದ್ದರು. ಆಗಬಹುದು! ಆಗಬಹುದು ಎಂದು ಬರೆದ ಉತ್ತರಕ್ಕೆ ಅವಳು ಅರ್ಧ ಅಂಕವನ್ನೂ ಕೊಟ್ಟವಳಲ್ಲ. ಆದರೂ ತಿಂಗಳಿಗೊಮ್ಮೆ ಅಲ್ಲಿನ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದಳು, ನೀನು ನಿನ್ನ ಅಮ್ಮನಲ್ಲ ಎಂದು ಓದಿದವರೊಬ್ಬರು ಕಾಗದದ ಮೇಲೆ ಬರೆದು ಕೊಡಲಿ ಎಂಬ ಒಂದೇ ಆಸೆಯಿಂದ.

ತಂಗಿ ಸೀರೆ ಉಡಲು ಹೋಗಿದ್ದಳು. ಒಂದು ಕೈಯಲ್ಲಿ ನೆರಿಗೆ ಹಿಡಿಯಲು ಅವಳಿಗೆ ಅರ್ಧ ಗಂಟೆ ಬೇಕು. ಸಹಾಯಕ್ಕೆ ಕರೆಯುವುದಿಲ್ಲ, ಕರೆಯದೆ ಇವಳು ಹೋಗುವುದಿಲ್ಲ. ಹೊತ್ತು ಕಳೆಯಲು ಹೆಡ್‌ಮಿಸ್ಸು ಕೇಂದ್ರದವರು ಕೊಟ್ಟ ಪುಸ್ತಕ ತೆರೆದಳು. ಪ್ರತಿದಿನ ಏನು ತಿಂದರು, ಎಷ್ಟು ತಿಂದರು ಎಂದು ಅದರಲ್ಲಿ ರಾತ್ರಿ ಊಟವಾದ ಮೇಲೆ ಬರೆದಿಡಬೇಕು. ತಾನು ನುಂಗಿದ್ದನ್ನು ತಾನೇ ಬರೆಯುವುದು ಅಸಹ್ಯವೆನಿಸಿ ಆ ಕೆಲಸವನ್ನು ಅವಳು ಮೊದಲ ದಿನವೇ ತಂಗಿಗೆ ಹೊರಿಸಿದ್ದಳು. ಮೊದಲ ಪುಟಗಳಲ್ಲಿ ತಂಗಿಯ ಕೋಳಿಕಾಲಿನ ಅಕ್ಷರ. ಒಂದು ಸೋಮವಾರ ಹೀಗಿತ್ತು: ಸೊಪ್ಪು ಒಂದು ಬಟ್ಟಲು, ಕಾಳು ಅರ್ಧ ಬಟ್ಟಲು, ಮೀನು ಒಂದು ತುಂಡು, ಸೇಬು ಅರ್ಧ, ಉಳಿದರ್ಧ ಕೊಳೆತಿತ್ತು, ಎಸೆದೆ. ಮಂಗಳವಾರವೂ ಸೊಪ್ಪು ಒಂದು ಬಟ್ಟಲು, ಕಾಳು ಅರ್ಧ ಬಟ್ಟಲು, ಮೀನು ಒಂದು ತುಂಡು, ಸೇಬು ಅರ್ಧ, ಉಳಿದರ್ಧ ಕೊಳೆತಿತ್ತು, ಎಸೆದೆ. ಬುಧವಾರವೂ ಅದೇ. ಹೆಡ್‌ಮಿಸ್ಸು ಕನ್ನಡಕ ಸರಿಮಾಡಿಕೊಂಡು ಪುಟ ಮಗುಚುತ್ತಾ ಹೋದಳು. ಇಪ್ಪತ್ತೊಂದು ದಿನ, ದಿನಕ್ಕೊಂದು ಅರ್ಧ ಕೊಳೆತ ಸೇಬು. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಎಷ್ಟೋ ವರ್ಷದ ಮೇಲೆ ಮೈಯಲ್ಲಿ ಹಳೆಯ ರಕ್ತ ಓಡಿತು. ಸರಿ ಉತ್ತರ ಇಬ್ಬರದೂ ಒಂದೇ ಇರಬಹುದು, ಅದರಿಂದ ಏನೂ ಸಾಬೀತಾಗುವುದಿಲ್ಲ. ತಪ್ಪು ಒಂದೇ ಇದ್ದರೆ ಅದು ನಕಲು. ಹೊಸದಾಗಿ ಸೇರಿದ ಮೇಷ್ಟರುಗಳಿಗೆ ಇದನ್ನು ಹೇಳಿಕೊಟ್ಟವಳೇ ಅವಳು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮಂಗಳವಾರದಿಂದ ಕೋಳಿಕಾಲು ಮಾಯವಾಗಿ ಅಕ್ಷರ ಮುತ್ತು ಪೋಣಿಸಿದಂತಾಗಿತ್ತು. ಗುಂಡಗೆ, ನೇರವಾಗಿ, ತಲೆಕಟ್ಟು ಎಲ್ಲ ಒಂದೇ ಅಳತೆ. ತನ್ನ ಅಕ್ಷರ! ಕಳ್ಳಿ, ಅಕ್ಷರವನ್ನೂ ಕದ್ದಿದ್ದಾಳೆ. ಹಿಂದೊಮ್ಮೆ ಕದ್ದಿದ್ದಳಲ್ಲ. ಆಗ ತಂಗಿಗೆ ಒಂಬತ್ತು ವರ್ಷ, ಇವಳಿಗೆ ಹನ್ನೆರಡು. ಅಕ್ಕನ ಹಳೆಯ ನೋಟುಬುಕ್ಕಿನಿಂದ ಪ್ರಬಂಧವನ್ನು ಅಕ್ಷರದ ಸಮೇತ ತೆಗೆದುಕೊಂಡಿದ್ದಳು. ನಿನ್ನ ಹಾಗೆ ಬರೆಯೋಕೆ ಆಸೆ ಆಯ್ತು ಎಂದಿದ್ದಳು ಪೆದ್ದಿ. ಇವಳು ಎರಡೂ ಪುಸ್ತಕ ಹಿಡಿದುಕೊಂಡು ಹೋಗಿ ಅಪ್ಪನ ಮುಂದೆ ಇಟ್ಟಿದ್ದಳು. ಅಪ್ಪ ಅಡಿಕೋಲು ತೆಗೆದುಕೊಂಡದ್ದೂ, ತಂಗಿ ಮೊದಲು ಎಡಗೈ ಚಾಚಿ, ಇದಕ್ಕೆ ಹೊಡಿ, ಅದು ಬರೆಯೋ ಕೈ, ಎಂದದ್ದೂ, ಅಪ್ಪ ಆ ಬರೆಯೋ ಕೈಗೇ ಹೊಡೆದದ್ದೂ ಕಣ್ಣಿಗೆ ಕಟ್ಟಿದಂತಿತ್ತು. ಅವತ್ತಿನಿಂದ ತಂಗಿಯ ಅಕ್ಷರ ಕೆಟ್ಟುಹೋಯಿತು, ಓದೂ ಹಿಂದೆ ಬಿತ್ತು. ಅದಕ್ಕೆ ತಾನು ಕಾರಣ ಎಂದು ಒಂದು ಸಣ್ಣ ದನಿ ಎಷ್ಟೋ ಸಲ ಒಳಗೆ ಹೇಳಿದ್ದುಂಟು, ದಡ್ಡರಿಗೆ ನೂರೆಂಟು ನೆಪ ಎಂದು ಹೆಡ್‌ಮಿಸ್ಸು ಅದರ ಬಾಯಿ ಮುಚ್ಚಿಸಿದ್ದಳು. ಈಗ ನೋಡು, ಸುಳ್ಳು ಬರೆಯುವಾಗ ಮಾತ್ರ ಎಷ್ಟು ಚೆಂದ ಬರುತ್ತದೆ. ನೋಡಿ ಬರೆಯುವವರು ನಿಧಾನವಾಗಿ, ಚೆಂದವಾಗಿಯೇ ಬರೆಯುತ್ತಾರೆ, ಯೋಚಿಸುವ ಕಷ್ಟ ಇಲ್ಲವಲ್ಲ. ಕಾಯುವವಳೇ ಹೀಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಪುಸ್ತಕ ಮುಚ್ಚಿ ಕೈಚೀಲಕ್ಕೆ ಹಾಕಿದಳು. ಈಗಲೇ ಹೇಳಬಾರದು. ಕಾಪಿ ಹಿಡಿಯುವುದು ಯಾವಾಗಲೂ ಎಲ್ಲರ ಮುಂದೆಯೇ ಆಗಬೇಕು. ಕೈ ತೊಳೆಯಲು ಹೋದಾಗ ನಡುಬೆರಳಿನ ಮೇಲೆ ನೀಲಿ ಶಾಯಿಯ ಕಲೆ ಕಂಡಿತು. ಎಲ್ಲಿಂದ ಹತ್ತಿತೋ, ಸೋಪು ಹಾಕಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ.

ಬಸ್ಸಿನಲ್ಲಿ ಯಾರೋ ಎದ್ದು ತಂಗಿಗೆ ಜಾಗ ಕೊಟ್ಟರು, ಪ್ಲಾಸ್ಟರು ನೋಡಿ. ತಂಗಿ ಅಕ್ಕನನ್ನು ಕೂರಿಸಿ ತಾನು ಕಂಬ ಹಿಡಿದು ನಿಂತಳು. ಇದೇ ಇವಳ ನಾಟಕ, ಎಂದುಕೊಂಡಳು ಹೆಡ್‌ಮಿಸ್ಸು, ಉಪಕಾರ ಹೊರಿಸಿ ಹೊರಿಸಿ ಎದುರಿನವರ ಬೆನ್ನು ಬಗ್ಗಿಸುವುದು. ಕಿಟಕಿಯಾಚೆ ಒಂದು ಇಸ್ತ್ರಿ ಅಂಗಡಿ ದಾಟಿತು. ಹೆಂಗಸೊಬ್ಬಳು ಕಾದ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಒತ್ತುತ್ತಿದ್ದಳು. ಹಿಂದೊಮ್ಮೆ ಪರೀಕ್ಷೆಯಲ್ಲಿ ತನ್ನ ಕೈಗೆ ಸಿಕ್ಕಿಬಿದ್ದ ಹುಡುಗಿಯೊಬ್ಬಳೂ ಕೊನೆಗೆ ಇಂಥದೇ ಅಂಗಡಿಯಲ್ಲಿ ಕಂಡಿದ್ದಳು. ಹೆಡ್‌ಮಿಸ್ಸಿನ ಹತ್ತಿಯ ಸೀರೆ ಮಡಿಸಿ ಕೊಡುವಾಗ ತಲೆ ಎತ್ತಿರಲಿಲ್ಲ. ಮೂರನೇ ಸಾಲು, ಗೋಡೆ ಪಕ್ಕದ ಡೆಸ್ಕು. ತೋಳಿನ ಮಡಿಕೆಯಲ್ಲಿ ಒಂದು ಚೀಟಿ. ಎದ್ದು ನಿಲ್ಲು ಎಂದಾಗ ಆ ಹುಡುಗಿ ಅಳಲಿಲ್ಲ, ಕಾಲು ಹಿಡಿಯಲೂ ಇಲ್ಲ. ಓದಿದ್ದೆ ಮಿಸ್, ನೆನಪಾಗಲಿಲ್ಲ, ಅದಕ್ಕೇ ನೋಡಿ ಬರೆದೆ, ಎಂದಳು, ಅಷ್ಟೇ. ಅದೊಂದು ಕಾರಣ ಎನ್ನುವ ಹಾಗೆ. ನೆನಪಿಲ್ಲದವರು ಪರೀಕ್ಷೆಗೆ ಯಾಕಮ್ಮ ಬರ್ತೀರಿ, ಮನೇಲಿ ಪಾತ್ರೆ ತೊಳ್ಕೊಂಡಿರಿ ಎಂದು ಹೆಡ್‌ಮಿಸ್ಸು ಹೇಳಿದ್ದಕ್ಕೆ ಕೊಠಡಿಗೆ ಕೊಠಡಿಯೇ ನಕ್ಕಿತ್ತು. ಮೂರು ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದು ಬರೆದು ಸಹಿ ಹಾಕಿದ್ದಳು. ಅದು ನಿಯಮ. ಆ ನಗು ಮಾತ್ರ ನಿಯಮದಲ್ಲಿ ಇರಲಿಲ್ಲ. ಬಸ್ಸು ನಿಂತಿತು, ತಂಗಿ ಎಡಗೈ ನೀಡಿದಳು, ಇವಳು ಅದನ್ನು ಹಿಡಿಯದೆ ಇಳಿದಳು.

ನೆನಪಿನ ಕೇಂದ್ರವೆಂದರೆ ಆಸ್ಪತ್ರೆಯ ಹಿಂಬದಿಯ ಒಂದು ಉದ್ದನೆಯ ಕೋಣೆ, ತಿಳಿಹಸಿರು ಗೋಡೆ, ಮಧ್ಯೆ ಮೇಜು, ಸುತ್ತ ಹನ್ನೆರಡು ಮಂದಿ ಮುದುಕರು. ಕಿತ್ತಳೆ, ಕ್ಯಾರೆಟ್ಟು, ನಗುವ ಮೀನು ಇರುವ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದರು, ಬಾಲವಾಡಿಯ ಹಾಗೆ. ಜೀವನವಿಡೀ ಬೆಣ್ಣೆ, ಕರಿದದ್ದು, ಸಿಹಿ ಎಂದು ಮುಕ್ಕಿದವರು ಈಗ ಕೊನೆಗಳಿಗೆಯಲ್ಲಿ ಎಲೆ ಮೇಯ್ದು ಬುದ್ಧಿವಂತರಾಗಲು ಬಂದಿದ್ದಾರೆ. ಇಲ್ಲದ ಬುದ್ಧಿಯನ್ನು ಉಳಿಸಿಕೊಳ್ಳುವುದಾದರೂ ಹೇಗೆ? ರೈಲ್ವೆ ಗಾರ್ಡು ತಾನು ಸಕ್ಕರೆ ಬಿಟ್ಟ ಮೇಲೆ ಹಳೆಯ ಟೈಂಟೇಬಲ್ಲು ಪೂರ್ತಿ ನೆನಪಾಗುತ್ತಿದೆ ಎಂದು ಪಕ್ಕದವರಿಗೆ ನಿಲ್ದಾಣಗಳನ್ನು ಒಪ್ಪಿಸುತ್ತಿದ್ದ, ಅವನ ಷರಟಿನ ಗುಂಡಿಗಳು ಒಂದು ಮನೆ ತಪ್ಪಿದ್ದವು. ಇಂಥವರ ನಡುವೆ ತನ್ನನ್ನು ಕೂರಿಸಿದ್ದೇ ಒಂದು ಅವಮಾನ ಎಂದು ಹೆಡ್‌ಮಿಸ್ಸಿಗೆ ಪ್ರತಿ ಸಲವೂ ಅನಿಸುತ್ತಿತ್ತು. ನರ್ಸ್ ಹುಡುಗಿ ಬಂದು ತಂಗಿಯ ಕೈ ನೋಡಿ, ಅಯ್ಯೋ ಅಮ್ಮ, ಇದು ಯಾವಾಗ ಆಯ್ತು ಎಂದಳು. ಮೂರು ವಾರ ಆಯ್ತಮ್ಮ, ಒಂದು ಮಂಗಳವಾರ ಬೆಳಿಗ್ಗೆ, ಎಂದಳು ತಂಗಿ. ಬೆರಳು ಮಡಿಸೋಕೆ ಆಗುತ್ತಾ ಎಂದದ್ದಕ್ಕೆ, ಚಮಚಾನೂ ಹಿಡಿಯೋಕಾಗಲ್ಲ ಎಂದು ನಕ್ಕಳು. ಅಲ್ಲೂ ಕರುಣೆ ಗಿಟ್ಟಿಸಿದಳು ಎಂದು ಹೆಡ್‌ಮಿಸ್ಸು ಮುಖ ತಿರುಗಿಸಿದಳು.

ನಂತರ ಆ ಹುಡುಗಿ ಇವಳ ಎದುರು ಕೂತು ಐದು ಪದ ಹೇಳಿದಳು. ಬಾಗಿಲು, ನಿಂಬೆ, ಕುದುರೆ, ಹಳದಿ, ಸೇತುವೆ. ಆಮೇಲೆ ಗಡಿಯಾರ ಬರೆಸಿದಳು, ನೂರರಿಂದ ಏಳೇಳು ಕಳೆಯಲು ಹೇಳಿದಳು. ಅದನ್ನೆಲ್ಲ ಹೆಡ್‌ಮಿಸ್ಸು ಸಸಾರವಾಗಿ ಮಾಡಿದಳು. ಈಗ ಆಗ ಹೇಳಿದ ಐದು ಪದ ಹೇಳ್ತೀರಾಮ್ಮಾ, ಎಂದಳು ಹುಡುಗಿ. ಬಾಗಿಲು. ಕುದುರೆ. ಆಮೇಲೆ ಒಂದು ಖಾಲಿ ಗೋಡೆ, ತಿಳಿಹಸಿರು. ಪಕ್ಕದ ಮೇಜಿನಲ್ಲಿ ಗಾರ್ಡು ತನ್ನ ಐದನ್ನೂ ಗಟ್ಟಿಯಾಗಿ ಹೇಳಿ ಮುಗಿಸಿದ್ದು ಕೇಳಿಸಿತು. ಗುಂಡಿ ತಪ್ಪಿದವನು! ಹೆಡ್‌ಮಿಸ್ಸಿನ ಕಿವಿ ಬಿಸಿಯಾಯಿತು. ನೀನು ಹೇಳುವಾಗ ಬಾಯಲ್ಲೇ ನುಂಗಿದೆ, ಉಚ್ಚಾರ ಸರಿ ಇಲ್ಲ, ಎಂದಳು. ಪರವಾಗಿಲ್ಲಮ್ಮ, ಎಂದು ಹುಡುಗಿ ಏನನ್ನೋ ಬರೆದುಕೊಂಡಳು. ಆ ಪರವಾಗಿಲ್ಲ ಎಂಬ ಮಾತಿಗಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಅಮ್ಮನಿಗೆ ತಾನು ಒಮ್ಮೆಯೂ ಪರವಾಗಿಲ್ಲ ಎಂದಿರಲಿಲ್ಲ, ಅದು ಹಾಳಾದ್ದು ಈಗಲೇ ಯಾಕೆ ನೆನಪಾಗಬೇಕು. ಊಟದ ಪುಸ್ತಕ ತಂದಿದ್ದೀರಾ ಎಂದು ಹುಡುಗಿ ಕೇಳಿದ್ದೇ ತಡ, ಹೆಡ್‌ಮಿಸ್ಸು ಎದ್ದು ನಿಂತಳು. ದನಿಯನ್ನು ಕೊಠಡಿಯ ಕೊನೆಯ ಬೆಂಚಿಗೆ ಮುಟ್ಟಿಸುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಡಾಕ್ಟರನ್ನೂ ಕರಿ," ಎಂದಳು. "ನಿಮ್ಮ ಅಧ್ಯಯನದ ಗತಿ ಏನಾಗಿದೆ ಅಂತ ಅವರೂ ನೋಡಲಿ."

ಡಾಕ್ಟರು ಒಳಗಿನಿಂದ ಬಂದರು. ಹೆಡ್‌ಮಿಸ್ಸು ಪುಸ್ತಕವನ್ನು ಮೇಜಿನ ನಡುವೆ ಬಿಚ್ಚಿಟ್ಟು, ಒಂದೊಂದೇ ಪುಟ ಮಗುಚಿ, ಒಂದೊಂದು ಸೇಬಿನ ಮೇಲೂ ಬೆರಳಿಟ್ಟು ತೋರಿಸಿದಳು. ಇಪ್ಪತ್ತೊಂದು ದಿನ ಒಂದೇ ಊಟ, ಒಂದೇ ಕೊಳೆತ ಹಣ್ಣು, ಇದು ನಕಲು, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಎಂದಳು. ಬರೆಯುವ ಒಂದು ಸಣ್ಣ ಕೆಲಸ ವಹಿಸಿದ್ದೆ, ಅದನ್ನೂ ಕದ್ದು ಮಾಡಿದ್ದಾಳೆ, ಬುದ್ಧಿ ಚಿಕ್ಕಂದಿನದೇ, ಅಪ್ಪನ ಹತ್ತಿರ ಏಟು ತಿಂದರೂ ಬಿಟ್ಟಿಲ್ಲ, ನನ್ನ ಅಕ್ಷರವನ್ನೇ ನಕಲು ಮಾಡಿದ್ದಾಳೆ ನೋಡಿ, ಎಂದಳು. ಮಾತು ಮಾತಿಗೂ ಅವಳಿಗೆ ಮೈ ಹಗುರವಾಗುತ್ತಿತ್ತು, ಆ ಐದು ಪದಗಳ ಅವಮಾನ ಕಾಲಿನಿಂದ ಇಳಿದು ಹೋಗುತ್ತಿತ್ತು. ಗಾರ್ಡು ಕೂಡ ನಿಲ್ದಾಣ ಒಪ್ಪಿಸುವುದನ್ನು ನಿಲ್ಲಿಸಿ ಇವಳ ಕಡೆ ತಿರುಗಿದ್ದ.

"ಇದನ್ನ ಬರೆದದ್ದು ಇವರಾ ಅಮ್ಮಾ?" ಎಂದು ನರ್ಸ್ ಹುಡುಗಿ ಮೆಲ್ಲಗೆ ಕೇಳಿದಳು.

"ಇನ್ಯಾರು? ಮನೇಲಿ ಇರೋದು ಇಬ್ಬರೇ."

ಹುಡುಗಿಯ ಕಣ್ಣು ಪುಸ್ತಕದಿಂದ ಎದ್ದು ತಂಗಿಯ ಮಡಿಲಿನಲ್ಲಿದ್ದ ಪ್ಲಾಸ್ಟರಿನ ಕೈಗೆ ಹೋಯಿತು. ಡಾಕ್ಟರ ಕಣ್ಣೂ ಅಲ್ಲಿಗೇ ಹೋಯಿತು. ಹನ್ನೊಂದು ಮುದುಕರು ಒಬ್ಬೊಬ್ಬರಾಗಿ ಅಲ್ಲಿಗೇ ನೋಡಿದರು. ಎಲ್ಲರೂ ನೋಡುವ ಕಡೆ ತಾನೂ ನೋಡಬೇಕಾಗಿ ಬಂದು ಹೆಡ್‌ಮಿಸ್ಸು ನೋಡಿದಳು. ಊದಿದ ಬೆರಳುಗಳು, ಪ್ಲಾಸ್ಟರಿನ ಅಂಚಿನಲ್ಲಿ ಒಣಗಿದ ಸೊಪ್ಪಿನ ಹಸಿರು ಕಲೆ.

"ಹೌದು, ನಾನೇ," ಎಂದಳು ತಂಗಿ. "ಎಡಗೈಲಿ ಬರೆದೆ. ಬೇಜಾರಾಗಿ ಒಂದೇ ಥರ ಬರೆದುಬಿಟ್ಟೆ. ತಪ್ಪಾಯ್ತು ಡಾಕ್ಟ್ರೇ."

ಪೆದ್ದಿ. ಸುಳ್ಳು ಹೇಳಲೂ ಬರುವುದಿಲ್ಲ. ಸೀರೆಯ ನೆರಿಗೆಯನ್ನೂ ನೆಟ್ಟಗೆ ಹಿಡಿಯಲಾಗದ ಎಡಗೈ ಮುತ್ತಿನಂಥ ಅಕ್ಷರ ಬರೆಯಿತಂತೆ. ಯಾವ ಪರೀಕ್ಷೆಯ ಕೊಠಡಿಯಲ್ಲೂ ಈ ಉತ್ತರ ನಿಲ್ಲುವುದಿಲ್ಲ ಎಂದುಕೊಳ್ಳುತ್ತಾ ಹೆಡ್‌ಮಿಸ್ಸು ಅಭ್ಯಾಸದಂತೆ ಲೆಕ್ಕ ಹಾಕಿದಳು. ತಂಗಿ ಬಲಗೈಯಲ್ಲಿ ಬರೆದಿಲ್ಲ. ಎಡಗೈಯಲ್ಲಿ ಬರೆದಿಲ್ಲ. ಮನೆಯಲ್ಲಿ ಇರುವುದು ಇಬ್ಬರೇ. ಅವಳು ತನ್ನ ನಡುಬೆರಳು ನೋಡಿಕೊಂಡಳು, ಸೋಪಿಗೂ ಬಗ್ಗದ ನೀಲಿ ಕಲೆ ಅಲ್ಲೇ ಇತ್ತು. ರಾತ್ರಿ ಊಟವಾದ ಮೇಲೆ ತಂಗಿ ಕೋಣೆಯ ಬಾಗಿಲಿನಲ್ಲಿ ನಿಂತು, ಬರೆದಾಯ್ತಾ ಅಕ್ಕಾ, ಎಂದು ಕೇಳುವುದು, ಇವಳು ಸಿಡುಕಿ, ಆಯ್ತು ಹೋಗೇ, ಎನ್ನುವುದು. ಅದು ಯಾವ ರಾತ್ರಿ? ಎಷ್ಟು ರಾತ್ರಿ? ಮೇಜಿನ ಮೇಲೆ ಖಾಲಿ ಪುಟ, ಕೈಯಲ್ಲಿ ಪೆನ್ನು, ಇವತ್ತು ಏನು ತಿಂದೆ ಎಂದು ಎಷ್ಟು ಹಿಂಡಿದರೂ ಏನೂ ಬಾರದಿದ್ದಾಗ ಹಿಂದಿನ ಪುಟಕ್ಕೆ ಕಣ್ಣು ಹಾಯಿಸಿದ್ದು. ಅದು ನಿಜವಾಗಿಯೂ ನಡೆದದ್ದೋ, ಈಗ ತಾನು ಕಟ್ಟಿಕೊಳ್ಳುತ್ತಿರುವುದೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗದಿರುವುದೇ ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಅಮ್ಮನಿಗೂ ಹೀಗೇ ಆಗುತ್ತಿತ್ತೇನೋ, ತಾನು ಚಹಾ ಹಿಡಿದುಕೊಂಡು ಎದುರು ಕೂತಿರುವಾಗ.

ಸುಮ್ಮನಿದ್ದರೆ ಸಾಕಿತ್ತು. ತಂಗಿ ಒಪ್ಪಿಕೊಂಡಾಗಿತ್ತು, ಅರವತ್ತು ವರ್ಷದ ಹಿಂದೆ ಕೈ ಚಾಚಿದ ಹಾಗೆಯೇ ಈಗಲೂ ಚಾಚಿದ್ದಳು. ಡಾಕ್ಟರು, ಇರಲಿ ಬಿಡಿ, ಕೂತ್ಕೊಳ್ಳಿ ಎನ್ನಲು ಬಾಯಿ ತೆರೆಯುತ್ತಿದ್ದರು. ಇವರೆಲ್ಲರಿಗೂ ಗೊತ್ತಾಗಿದೆ, ಗೊತ್ತಾಗಿಯೂ ಗೊತ್ತಿಲ್ಲದ ಹಾಗೆ ನಟಿಸಿ ತನ್ನ ಮಾನ ಕಾಯುತ್ತಾರೆ, ಈ ಗುಂಡಿ ತಪ್ಪಿದ ಮಂದಿ. ಅದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ. ಜೀವಮಾನವಿಡೀ ಬೇರೆಯವರನ್ನು ನೋಡಿದ ತಿರಸ್ಕಾರವೆಲ್ಲ ಒಟ್ಟಾಗಿ ತನ್ನ ಕಡೆಗೆ ತಿರುಗಿ ನಿಂತಿತ್ತು, ಬೇರೆ ಯಾರೂ ಸಿಗದೆ.

"ಅವಳಲ್ಲ," ಎಂದಳು ಹೆಡ್‌ಮಿಸ್ಸು. ದನಿ ಮೊದಲ ಬೆಂಚಿಗೂ ಮುಟ್ಟುವಷ್ಟಿರಲಿಲ್ಲ. "ನಾನು ಬರೆದದ್ದು. ತಿಂದಿದ್ದೆ. ನೆನಪಾಗ್ಲಿಲ್ಲ. ಅದಕ್ಕೇ ನೋಡಿ ಬರೆದೆ."

ಹೇಳಿದ ಮೇಲೆ ನಿಂತೇ ಇದ್ದಳು. ಈಗ ನಗಬೇಕು, ಕೊಠಡಿಗೆ ಕೊಠಡಿಯೇ. ಅವಳು ಅದಕ್ಕಾಗಿ ಕಾದಳು. ಯಾರೂ ನಗಲಿಲ್ಲ. ಗಾರ್ಡು ತನ್ನ ಷರಟಿನ ಗುಂಡಿಗಳನ್ನು ನೋಡಿಕೊಳ್ಳುತ್ತಿದ್ದ. ತಂಗಿ ಅವಳ ಸೆರಗು ಹಿಡಿದು ಎಳೆದು ಕೂರಿಸಿದಳು.

ಡಾಕ್ಟರು, ಮುಂದಿನ ವಾರ ಇನ್ನೊಂದು ಪರೀಕ್ಷೆ ಮಾಡೋಣ, ಊಟ ಹೀಗೇ ನಡೆಯಲಿ, ಅದರಿಂದ ನಷ್ಟವಂತೂ ಇಲ್ಲ, ಎಂದು ಒಳಗೆ ಹೋದರು. ನರ್ಸ್ ಹುಡುಗಿ ಪುಸ್ತಕದ ಹೊಸ ಪುಟ ತೆರೆದು ಪೆನ್ನನ್ನು ಹೆಡ್‌ಮಿಸ್ಸಿನ ಕೈಗೆ ಕೊಟ್ಟಳು. ಇಲ್ಲೇ ಕೂತು ಇವತ್ತಿನದು ಬರೆಯೋಣವಾ ಅಮ್ಮಾ, ಬೆಳಿಗ್ಗೆ ಏನು ತಿಂದ್ರಿ, ಎಂದಳು. ಹೆಡ್‌ಮಿಸ್ಸು ತಾರೀಖು ಬರೆದಳು, ಬೆಳಿಗ್ಗೆ ಎಂದು ಬರೆದಳು, ಅಕ್ಷರ ಗುಂಡಗೆ, ಚೆಂದವಾಗಿ ಬಂತು. ಆಮೇಲೆ ಪೆನ್ನು ನಿಂತಿತು. ಒಂದು ಬಟ್ಟಲಿತ್ತು. ಅಂಚು ನೀಲಿ. ಅಷ್ಟು ಚೆನ್ನಾಗಿ ಕಾಣುತ್ತಿತ್ತು ಆ ನೀಲಿ. ಬಟ್ಟಲಿನ ಒಳಗೆ ಏನಿತ್ತು? ಹುಡುಗಿ ಇನ್ನೊಬ್ಬರ ಕಡೆ ತಿರುಗಿದ್ದಳು. ಹೆಡ್‌ಮಿಸ್ಸು ಮೆಲ್ಲಗೆ ಕಣ್ಣೆತ್ತಿದಳು. ಮೇಜಿನ ಆಚೆ ತಂಗಿ ಗೋಡೆಯ ಮೇಲಿನ ನಗುವ ಮೀನನ್ನು ನೋಡುತ್ತಿರುವವಳ ಹಾಗೆ ಕೂತಿದ್ದಳು, ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ಓಟ್ಸ್. ಬಾಳೆಹಣ್ಣು ಅರ್ಧ. ಅಕ್ರೋಟು ಆರು.

ಹದ್ದಿಗೆ ಅದು ಕಂಡಿತು. ತಲೆ ತಗ್ಗಿಸಿ ಬರೆದುಕೊಂಡಳು.